ಡಿಸ್ಕುಗಳ ಜೊತೆ ಚನ್ನರಾಯಪಟ್ಟಣಕ್ಕೆ

ಹಾಸನದ ಒಂದು ಬಿತ್ತನೆ ಬೀಜ, ಗೊಬ್ಬರದ ಅಂಗಡಿಯಲ್ಲಿ ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಮ್ಮ ಶಾಖೆಗಳಿವೆ. ನಾಲ್ಕೂ ಕಡೆಯ ಬಿಲ್ಲು, ದಾಸ್ತಾನು ಆಗ ಹಾಸನದ ಹಿಂದಿನ ಕೋಣೆಯಲ್ಲಿದ್ದ ಒಂದೇ ಸರ್ವರಿನಿಂದ ನಡೆಯುತ್ತಿತ್ತು.

ಸರ್ವರ್ ಎದ್ದೇಳುವಾಗ ಎಲ್ಲಕ್ಕಿಂತ ಮೊದಲು ಓಡುವ, ಬೋರ್ಡಿನೊಳಗೇ ಕೂತಿರುವ ಸಣ್ಣ ತಂತ್ರಾಂಶವೊಂದಿರುತ್ತದೆ. ಅದೇ ಫರ್ಮ್‌ವೇರ್. ಹಳೆಯದರಲ್ಲಿ ಲೋಪವಿದೆ, ಹೊಸದು ಹಾಕಿಕೊಳ್ಳಿ ಎಂದು ತಯಾರಕರಿಂದ ಸೂಚನೆ ಬಂದಿತ್ತು. ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಹೋಗಿ ಹಾಕಿದೆ. ‘ಯಶಸ್ವಿಯಾಗಿದೆ’ ಎಂದು ಪರದೆಯ ಮೇಲೆ ಬಂತು. ಸರ್ವರ್ ತನ್ನಷ್ಟಕ್ಕೆ ಆರಿ, ಮತ್ತೆ ಚಾಲೂ ಆಯಿತು. ಆಮೇಲೆ ಪರದೆ ಕಪ್ಪಾಗಿಯೇ ಉಳಿಯಿತು. ಫ್ಯಾನುಗಳು ಮಾತ್ರ ಹಿಟ್ಟಿನ ಗಿರಣಿಯಂತೆ ಮೊರೆಯತೊಡಗಿದವು.

ಯಶಸ್ವಿ ಎಂದು ಹೇಳಿ ಸತ್ತ ಯಂತ್ರವನ್ನು ನಾನು ಅದೇ ಮೊದಲು ನೋಡಿದ್ದು. ಒಳಗಿನ ಮೆಮೊರಿ ಪಟ್ಟಿಗಳನ್ನೆಲ್ಲ ಕಿತ್ತು ಒಂದನ್ನೇ ಹಾಕಿದೆ. ಪರದೆಯ ಮೇಲೆ ತಯಾರಕರ ಗುರುತು ಮೂಡಿತು! ಎರಡನೆಯದನ್ನು ಹಾಕಿದಾಗ ಮತ್ತೆ ಕತ್ತಲೆ. ಸರಿ, ಎರಡನೆಯದೇ ಕೆಟ್ಟಿದೆ ಅಂದುಕೊಂಡು ಅದನ್ನು ತೆಗೆದರೂ ಕತ್ತಲೆ ಹೋಗಲಿಲ್ಲ. ಮೊದಲು ಸರಿಯಾಗಿದ್ದ ಪಟ್ಟಿಯೇ ಈಗ ನಡೆಯುತ್ತಿಲ್ಲ. ಹಾಗಾದರೆ ಮೆಮೊರಿಯೋ, ಫರ್ಮ್‌ವೇರೋ, ಕರೆಂಟು ಕೊಡುವ ಪೆಟ್ಟಿಗೆಯೋ? ಬೋರ್ಡಿನ ಗುಂಡು ಬ್ಯಾಟರಿಯನ್ನೂ ಬದಲಾಯಿಸಿದೆ. ಒಂದು ಸಲ ಕಿತ್ತಳೆ ದೀಪ ಮಿನುಗಿತು, ಮತ್ತೊಂದು ಸಲ ಅದೂ ಇಲ್ಲ. ಒಂದೇ ಕೆಲಸವನ್ನು ಎರಡು ಸಲ ಮಾಡಿದರೆ ಎರಡು ಬೇರೆ ಉತ್ತರ. ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಅರಕಲಗೂಡು ಶಾಖೆ ನೋಡಿಕೊಳ್ಳುವ ಹೆಂಗಸು ಫೋನ್ ಮಾಡಿದರು. “ಮೇಡಂ, ಬಿಲ್ಲೇ ಬತ್ತಿಲ್ಲ. ರಾತ್ರಿ ಮಳೆ ಆಯ್ತು, ಜೋಳಕ್ಕೆ ಹದ ಬಂದದೆ ಅಂತ ಜನ ಬೆಳಿಗ್ಗೆ ಬಸ್ಸಿಗೇ ಬಂದ್ಬುಟ್ಟವ್ರೆ. ಏನ್ ಏಳನ ಅವ್ರಿಗೆ?”

ಕಂಪ್ಯೂಟರಿನ ಬಿಲ್ಲಿಲ್ಲದೆ ಬೀಜ ಕೊಡಬಾರದು ಎಂಬುದು ನಮ್ಮ ಯಜಮಾನರ ಹಟ. ಬಿಲ್ಲಿನಲ್ಲಿ ಚೀಲದ ಲಾಟ್ ನಂಬರ್ ಇರಬೇಕು. ನಾಳೆ ಬೀಜ ಮೊಳೆಯದಿದ್ದರೆ ರೈತನ ಕೈಯಲ್ಲಿ ಅದೊಂದೇ ಸಾಕ್ಷಿ ಅನ್ನುತ್ತಾರೆ. ಅವರದೂ ಸಾಲಗಾಮೆ ಕಡೆಯ ಒಕ್ಕಲು ಮನೆ. ಫೋನಿನ ಮಾತು ಕೇಳಿಸಿಕೊಂಡು ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: “ಏನಾಯ್ತು ಅಂತ ಒಂದ್ ಮಾತಲ್ಲಿ ಏಳವ್ವ.”

“ಗೊತ್ತಾಗ್ತಿಲ್ಲ ಸರ್,” ಎಂದೆ.

ಇದೇ ಮಾದರಿಯ ಇನ್ನೊಂದು ಸರ್ವರ್, ಬದಲಿಗೆಂದು ಇಟ್ಟದ್ದು, ಚನ್ನರಾಯಪಟ್ಟಣದಲ್ಲಿತ್ತು. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗದಿರಲಿ ಎಂದು ಯಜಮಾನರೇ ಅದನ್ನು ಅಲ್ಲಿ ಇಡಿಸಿದ್ದರು. ನನ್ನ ಹತ್ತಿರ ಹಿಂದಿನ ದಿನದವರೆಗಿನ ಲೆಕ್ಕದ ನಕಲು ಇತ್ತಾದರೂ ಅದನ್ನೆಲ್ಲ ತುಂಬಿ ಮುಗಿಸಲು ಮಾರನೆಯ ದಿನವಾಗುತ್ತಿತ್ತು. ಲೆಕ್ಕವೆಲ್ಲ ಇರುವ ಡಿಸ್ಕುಗಳನ್ನೇ ಒಯ್ದು ಆ ಯಂತ್ರಕ್ಕೆ ಹಾಕುವುದು ಬೇಗ. ಕರೆಂಟಿನ ವೈರು ಕಿತ್ತೆ, ಪ್ರತಿ ಡಿಸ್ಕಿಗೂ ಅದರ ಜಾಗ ಗೊತ್ತಾಗುವಂತೆ ಚೀಟಿ ಅಂಟಿಸಿದೆ, ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಯಜಮಾನರ ಕಾರು ಹತ್ತಿದೆ.

ಶಾಂತಿಗ್ರಾಮ ದಾಟಿದ್ದೆವು. ಅಂಗಡಿಯಲ್ಲೇ ಉಳಿದಿದ್ದ ಯಜಮಾನರ ಫೋನ್ ಬಂತು.

“ಅವ್ವಾ, ಸುಮ್ನೆ ವೈರ್ ಸಿಗಿಸಿ ಬಟನ್ ಅದುಮ್ದೆ ಕಣವ್ವ. ಎದ್ಬುಡ್ತು! ಡಿಸ್ಕ್ ಇಲ್ಲ ಅಂತ ಇಂಗ್ಲಿಷಲ್ಲಿ ಬರೀತಾ ಅದೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳಗಿನಿಂದ ನನ್ನನ್ನು ಕುಣಿಸಿದ ಯಂತ್ರ ಅವರ ಬೆರಳಿಗೆ ಎದ್ದಿತ್ತು. ಸ್ವಲ್ಪ ಹೊತ್ತು ಕರೆಂಟಿಲ್ಲದೆ ಇದ್ದುದರಿಂದ ತನ್ನೊಳಗಿನ ಹಳೆಯ ಫರ್ಮ್‌ವೇರ್ ಪ್ರತಿಯನ್ನು ಹಿಡಿದುಕೊಂಡಿತೇ? ಡಿಸ್ಕುಗಳು ಎಳೆಯುವ ಕರೆಂಟಿನ ಭಾರ ಇಳಿದದ್ದಕ್ಕೋ? ನಾನೇ ಕೊನೆಗೆ ಪಟ್ಟಿಗಳನ್ನು ಸರಿಯಾಗಿ ಕೂರಿಸಿದ್ದೆನೋ?

ಡ್ರೈವರ್ ಕಾರು ನಿಧಾನ ಮಾಡಿದ. “ತಿರುಗಿಸ್ಲಾ ಮೇಡಂ?”

ಹಿಂದಕ್ಕೆ ಹೋಗುವ ದಾರಿಯೇ ಹತ್ತಿರವಾಗಿತ್ತು. ಆದರೆ ಯಾಕೆ ಎದ್ದಿತೆಂದು ತಿಳಿಯದ ಯಂತ್ರ ಯಾಕೆ ಮಲಗುತ್ತದೆಂದೂ ತಿಳಿಯುವುದಿಲ್ಲ. ಡಿಸ್ಕು ಹಾಕಿ, ಬರೆಯುತ್ತಿರುವಾಗಲೇ ನಿಂತುಬಿಟ್ಟರೆ? “ಬೇಡ, ಮುಂದಕ್ಕೇ ಹೋಗೋಣ,” ಎಂದೆ. ಹೇಳಿದ ಮೇಲೂ ಎರಡು ಸಲ ಹಿಂದೆ ತಿರುಗಿ ನೋಡಿದೆ, ರಸ್ತೆಯಲ್ಲಿ ಉತ್ತರ ಬರೆದಿರುವ ಹಾಗೆ.

ಚನ್ನರಾಯಪಟ್ಟಣದಲ್ಲಿ ಡಿಸ್ಕುಗಳನ್ನು ಚೀಟಿಗಳ ಕ್ರಮದಲ್ಲೇ ಒಳಗೆ ತಳ್ಳಿ ಚಾಲೂ ಮಾಡಿದೆ. ಪರದೆ ಒಂದು ಪ್ರಶ್ನೆ ಕೇಳಿತು: ಹೊರಗಿನ ಡಿಸ್ಕುಗಳು ಕಂಡಿವೆ, ಇದ್ದಂತೆ ಸೇರಿಸಿಕೊಳ್ಳಲೇ, ಅಳಿಸಲೇ? ಎರಡಕ್ಕೂ ನಡುವೆ ಒಂದು ಕೀಲಿಯ ಅಂತರ. ಯಾವುದನ್ನು ಒತ್ತಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಗಿನಿಂದ ಚೆನ್ನಾಗಿ ಗೊತ್ತಿದ್ದದ್ದೆಲ್ಲ ಸುಳ್ಳಾಗಿತ್ತಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಿದೆ, ಮತ್ತೊಮ್ಮೆ ಓದಿದೆ. ಕೈಯೊರೆಸಿಕೊಂಡು ‘ಸೇರಿಸು’ ಒತ್ತಿದೆ.

ಸೇರಿಸಿಕೊಂಡಿತು. ಶಾಖೆಗಳ ಸಂಪರ್ಕವನ್ನೆಲ್ಲ ಈ ಯಂತ್ರಕ್ಕೆ ತಿರುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಅರಕಲಗೂಡಿನಿಂದ ಫೋನ್ ಬಂತು. “ಬತ್ತಾ ಅದೆ ಮೇಡಂ, ಬಿಲ್ಲು ಬತ್ತಾ ಅದೆ! ಸುಮಾರು ಜನ ಇಲ್ಲೇ ಕುಂತವ್ರೆ, ಈಗ್ಲೇ ಕೊಟ್ಟು ಕಳಿಸ್ತೀನಿ.” ಕೆಲವರು ಕಾದು ಬೇರೆ ಅಂಗಡಿಗೆ ಹೋಗಿದ್ದರಂತೆ. ಅದನ್ನೂ ಮುಚ್ಚಿಡದೆ ಹೇಳಿದರು.

ವಾರದ ನಂತರ ತಯಾರಕರ ಕಡೆಯ ಎಂಜಿನಿಯರ್ ಹಾಸನಕ್ಕೆ ಬಂದರು. ಸರ್ವರನ್ನು ದಿನವಿಡೀ ಪರೀಕ್ಷೆಗೆ ಹಾಕಿದರು. ಎಲ್ಲದರಲ್ಲೂ ಪಾಸು.

“ಏನೂ ತೊಂದರೆ ಕಾಣ್ತಿಲ್ಲ ಮೇಡಂ. ಆದ್ರೂ ಬೋರ್ಡ್ ಬದಲಾಯಿಸಿಬಿಡೋಣ,” ಎಂದರು.

ಯಜಮಾನರಿಗೆ ಅದು ಒಪ್ಪಿಗೆಯಾಗಲಿಲ್ಲ. “ತೊಂದ್ರೆ ಇಲ್ದಿದ್ರೆ ಯಾಕಪ್ಪ ಬದ್ಲಾಯಿಸ್ತೀಯ? ಇದ್ರೆ ಎಲ್ಲಿ ಅದೆ ಅಂತ ತೋರ್ಸು.”

ಎಂಜಿನಿಯರ್ ಪರೀಕ್ಷೆಯ ವರದಿಯನ್ನೇ ಮತ್ತೊಮ್ಮೆ ತಿರುವಿ ನೋಡಿದರು. ಕೊನೆಗೆ ಯಜಮಾನರನ್ನು ಒಪ್ಪಿಸಿ ಹೊಸ ಬೋರ್ಡು ಹಾಕಿದರು, ಹಳೆಯದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪು ಸುತ್ತಿಕೊಂಡು ಹೋದರು. ಅದರಲ್ಲಿ ಏನು ಸಿಕ್ಕಿತೆಂದು ನಾನು ಎರಡು ಸಲ ಬರೆದು ಕೇಳಿದೆ. ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಹಾಸನದ ಯಂತ್ರವನ್ನು ನಂಬಲಾಗದೆ, ಬಿತ್ತನೆ ಮುಗಿಯುವವರೆಗೂ ನಾವು ಚನ್ನರಾಯಪಟ್ಟಣದ ಯಂತ್ರದಲ್ಲೇ ಬಿಲ್ಲು ಮಾಡಿದೆವು.