ಮುಖ ನೋಡಿ ರಿಪೇರಿ ಮಾಡುತ್ತಿದ್ದ ಚೆನ್ನಾಚಾರಿ

ರೇಡಿಯೋ ರಿಪೇರಿ ಮುಗಿಸಿ ಸ್ವಿಚ್ಚು ಹಾಕಿದ ಮೇಲೆ ಚೆನ್ನಾಚಾರಿ ಯಂತ್ರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಿರಾಕಿಯ ಮುಖವನ್ನೇ ದಿಟ್ಟಿಸುತ್ತಿದ್ದರು. ಹುಬ್ಬು ಗಂಟಿಕ್ಕಿದ್ದರೆ ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವರು. ಮುಖ ಅರಳಿದ್ದರೆ ಸ್ವಿಚ್ಚು ಆರಿಸಿ, "ತಕೊಂಡೋಗಿ" ಎನ್ನುವರು. ಗಿರಾಕಿಯ ಸಂತೋಷವೇ ಮುಖ್ಯವೆಂದು ನಂಬಿದ ದೊಡ್ಡ ಮನುಷ್ಯ ಎಂದು ಕೃಷ್ಣರಾಜನಗರದಲ್ಲಿ ಅವರಿಗೆ ಹೆಸರಿತ್ತು. ನನ್ನ ಮುಖದಿಂದ ಮಾತ್ರ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದಲೂ ನನ್ನದು ಏನನ್ನೋ ಕಳೆದುಕೊಂಡು ಹುಡುಕುತ್ತಿರುವವನ ಮುಖ. ಮದುವೆಯ ಫೋಟೋದಲ್ಲೂ, ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಯೋಚಿಸುತ್ತಿರುವಂತೆ ಕಾಣುತ್ತೇನೆ. ಯೋಚಿಸುತ್ತಿದ್ದದ್ದೂ ಅದನ್ನೇ.

ಎಪ್ಪತ್ತರ ದಶಕದ ಮಾತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಯಾರೋ ಹಳೆಯ ವಿದ್ಯಾರ್ಥಿ ಶಾಲೆಗೆ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಕೊಟ್ಟಿದ್ದ. ತಟ್ಟೆಯಗಲದ ಎರಡು ಚಕ್ರ, ಎತ್ತಿದವನ ಸೊಂಟ ಹಿಡಿಯುವಷ್ಟು ಭಾರ. ಅದರ ಉಸ್ತುವಾರಿಗೆ ರುಜು ಹಾಕಿದ ದಿನದಿಂದಲೇ ನನಗೆ ಊಟ ರುಚಿಸುತ್ತಿರಲಿಲ್ಲ. ಎರಡೇ ತಿಂಗಳಿಗೆ ಅದು ನಿಂತಿತು. ಬಿಡಿಭಾಗ ಮೈಸೂರಿನಲ್ಲೂ ಸಿಗಲಿಲ್ಲ.

ಬಿಡಿಭಾಗ ಸಿಗದ ಯಂತ್ರವೆಂದರೆ ಚೆನ್ನಾಚಾರಿಗೆ ಪ್ರೀತಿ. ಬಸ್ ನಿಲ್ದಾಣದ ಹಿಂದೆ, ಸೈಕಲ್ ಷಾಪಿನ ಗೋಡೆಗೆ ಇಳಿಬಿಟ್ಟ ತಗಡಿನ ಕೆಳಗೆ ಅವರ ಅಂಗಡಿ. ವಾರಕ್ಕೊಮ್ಮೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಬಸ್ಸು ಹತ್ತಿ, "ಸತ್ತ ರೇಡಿಯೋ ಸೆಟ್ಟಿದ್ರೆ ಕೊಡ್ರಪ್ಪೋ" ಎಂದು ಮನೆಮನೆ ಕೇಳಿ, ಗೋಣಿಚೀಲ ತುಂಬಿಸಿಕೊಂಡು ಬರುವರು. ಬಿಚ್ಚಿದ ಒಂದೊಂದು ಭಾಗಕ್ಕೂ ಅದರ ಊರಿನ ಹೆಸರು ಬರೆದ ಚೀಟಿ ಕಟ್ಟುವರು. ನಮ್ಮ ಟೇಪಿಗೆ ಮಿರ್ಲೆಯ ರೇಡಿಯೋದ ವಾಲ್ವು ಬಂತು, ಪಿರಿಯಾಪಟ್ಟಣದ ಗ್ರಾಮಫೋನಿನ ಸ್ಪ್ರಿಂಗು ಬಂತು. ಬೆಲ್ಟಿಗೆ ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿದರು. ಟೇಪನ್ನು ಒತ್ತಿ ಹಿಡಿಯುವ ಮೆತ್ತೆಗೆ ಮುರುಕು ಹಾರ್ಮೋನಿಯಮ್ಮಿನೊಳಗಿನ ಉಣ್ಣೆಬಟ್ಟೆ.

"ನಾಕೂರೋವು ಒಂದ್ ಮನೇಲಿ ಬಾಳ್ಬೇಕಲ್ಲ ಮೇಷ್ಟ್ರೇ. ಮೊದ್ಲು ಒಸಿ ಕಿತ್ತಾಡ್ತವೆ, ಆಮೇಕೆ ಒಂದ್ಕಂತವೆ" ಎಂದರು.

ಕಿತ್ತಾಡಲೇ ಇಲ್ಲ. ಮೊದಲ ದಿನವೇ ಟೇಪು ಸೊಗಸಾಗಿ ಹಾಡಿತು.

"ಚೆನ್ನಾಗಿದೆ ಆಚಾರ್ರೇ" ಎಂದೆ.

"ಬಾಯಿ ಅಂಗಂತದೆ. ಮಕ ಒಪ್ಪಾಕಿಲ್ಲ."

"ನನ್ನ ಮುಖ ಇರೋದೇ ಹೀಗೆ ಕಣ್ರೀ."

"ಯಾರ್ ಮಕಾನೂ ಇಂಗಿರಾಕಿಲ್ಲ ಬುಡಿ. ನಾಳೆ ಬನ್ನಿ."

ಹೀಗೆ ಸರಿಯಾಗಿದ್ದ ಯಂತ್ರವನ್ನು ಐದು ಸಲ ಬಿಚ್ಚಿದರು. ಬಿಚ್ಚಿದಾಗಲೆಲ್ಲ ಇನ್ನೊಂದು ಊರಿನ ಇನ್ನೊಂದು ಭಾಗ ಒಳಗೆ ಸೇರಿತು. ಇದೇ ಗತಿಯಲ್ಲಿ ಹೋದರೆ ಶಾಲೆಯ ಟೇಪಿನಲ್ಲಿ ಶಾಲೆಯದ್ದು ಎನ್ನಲು ಪೆಟ್ಟಿಗೆಯೊಂದೇ ಉಳಿಯುತ್ತದೆ ಎಂಬ ಹೊಸ ಚಿಂತೆಯಿಂದ ನನ್ನ ಮುಖ ಇನ್ನಷ್ಟು ಬಾಡಿತು. ಕೊನೆಗೆ ಕಷ್ಟಪಟ್ಟು ನಗಲು ನೋಡಿದೆ. ಸೈಕಲ್ ಷಾಪಿನ ಮಾದಣ್ಣ ಟೈರು ಬಿಟ್ಟು ಎದ್ದು ಬಂದು, "ಒಟ್ಟೆನೋವಾ ಮೇಷ್ಟ್ರೇ?" ಎಂದ.

ಆರನೆಯ ಸಲ ಆಚಾರ್ರು ಹೆಗ್ಗಡದೇವನಕೋಟೆ ಕಡೆಯಿಂದ ತಂದ ಪುಲ್ಲಿಯೊಂದನ್ನು ಮೋಟಾರಿಗೆ ಹಾಕಿದರು. ಮೊದಲಿನದಕ್ಕಿಂತ ಅದು ತುಸು ದಪ್ಪ. ಸ್ವಿಚ್ಚು ಹಾಕಿದ್ದೇ ತಡ, ಟೇಪು ವೇಗವಾಗಿ ತಿರುಗಿ, ಅದರಲ್ಲಿದ್ದ ನಮ್ಮ ಹೆಡ್ಮಾಸ್ಟರ ಗಂಭೀರ ಭಾಷಣ ಆರು ವರ್ಷದ ಹುಡುಗಿಯ ಕೀರಲು ದನಿಯಲ್ಲಿ ಓಡಿತು. ಶಿಸ್ತಿನ ಮಹತ್ವ ಕುರಿತ ಭಾಗ ಅದು. ಮಾದಣ್ಣ ಪಂಪು ಹಿಡಿದೇ ನೆಲಕ್ಕೆ ಕುಸಿದ. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಚೆನ್ನಾಚಾರಿಯ ಮುಖ ದೀಪದಂತೆ ಬೆಳಗಿತು. "ಅಬ್ಬಾ! ಈಗ ಸರ್ಯಾಯ್ತು ನೋಡಿ!" ಎಂದು ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಮುಚ್ಚಳ ಹಾಕತೊಡಗಿದರು.

ನನ್ನ ನಗು ಅಲ್ಲೇ ನಿಂತಿತು. ಮಾದಣ್ಣ ಟೈರಿನ ಕಡೆ ಹೋಗುವವರೆಗೆ ಕಾದು, ಅವರ ಎದುರು ನಿಂತು ಕೇಳಿದೆ: "ಆಚಾರ್ರೇ, ನಿಮಗೆ ಕೇಳಿಸಲ್ವಾ?"

ನನ್ನ ತುಟಿಯನ್ನೇ ನೋಡಿದರು. ಆಮೇಲೆ ಆಚೀಚೆ ನೋಡಿದರು.

"ಎಡಗಿವೀಲಿ ಒಸಿ ಇತ್ತು. ಓದ್ ವರ್ಸ ಅದೂ ಓಯ್ತು. ಸದ್ದು ಬತ್ತಾ ಅದೋ ಇಲ್ವೋ ಅಂತ ಕೈ ಇಟ್ರೆ ತಿಳೀತದೆ. ಇಂಪಾಗದೋ ಇಲ್ವೋ ತಿಳ್ಯಾಕಿಲ್ಲ. ಮೂರ್ ಮಕ್ಳವೆ ಮೇಷ್ಟ್ರೇ. ಯಾರ್ಗೂ ಏಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಪುಲ್ಲಿಯ ಸಂಗತಿ ವಿವರಿಸಿದ ಮೇಲೆ ಅವರು ಮಾಡಿದ ಕೆಲಸ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟೇಪನ್ನು ಗಜಕಡ್ಡಿಯಲ್ಲಿ ಅಳೆದು ಎರಡು ಕಡೆ ಗುರುತು ಹಾಕಿದರು. ಒಂದು ಗುರುತು ದಾಟಿ ಇನ್ನೊಂದು ಬರಲು ಎಷ್ಟು ಹೊತ್ತಾಗಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ನನ್ನ ಕೈಗಡಿಯಾರ ಮುಂದಿಟ್ಟುಕೊಂಡು, ಪುಲ್ಲಿಯನ್ನು ಅರದಿಂದ ಉಜ್ಜುವುದು, ಓಡಿಸುವುದು, ಮತ್ತೆ ಉಜ್ಜುವುದು. ನನ್ನ ಮುಖದ ಕಡೆ ಒಮ್ಮೆಯೂ ನೋಡಲಿಲ್ಲ. ಸಂಜೆಯ ಹೊತ್ತಿಗೆ ಹೆಡ್ಮಾಸ್ಟರಿಗೆ ಅವರ ಗಂಡುದನಿ ಮರಳಿ ಬಂತು. ನಾನು ಆ ಶಾಲೆಯಲ್ಲಿದ್ದಷ್ಟು ದಿನವೂ ಆ ಟೇಪು ಮತ್ತೆ ಕೆಡಲಿಲ್ಲ.

ಮರುವರ್ಷ ಪಂಚಾಯ್ತಿಗಳ ರೇಡಿಯೋಗಳನ್ನೆಲ್ಲ ತಾಲ್ಲೂಕು ಕಚೇರಿಯವರು ಒಬ್ಬರಿಗೇ ರಿಪೇರಿಗೆ ಕೊಡುತ್ತಾರೆಂಬ ಸುದ್ದಿ ಬಂತು. ಕೆಲಸ ಚೆನ್ನಾಗಿದೆಯೆಂದು ಯಾರಾದರೂ ಮೇಷ್ಟ್ರು ಬರೆದುಕೊಡಬೇಕಿತ್ತು. ಆಚಾರ್ರು ಒಗೆದ ಅಂಗಿ ತೊಟ್ಟು ಮನೆಗೇ ಬಂದರು.

"ನಾಕಕ್ಸರ ಗೀಚ್ಕೊಡಿ ಮೇಷ್ಟ್ರೇ. ಇದೊಂದ್ ಸಿಕ್ರೆ ಚೀಲ ಒತ್ಕಂಡು ಊರೂರ್ ಅಲೆಯೋದು ತಪ್ತದೆ. ಮಕ್ಳು ಇಸ್ಕೂಲ್ ಬುಡೋದೂ ತಪ್ತದೆ."

ನಾಲ್ಕು ಅಕ್ಷರಕ್ಕೆ ನಾನು ನಾಲ್ಕು ದಿನ ತೆಗೆದುಕೊಂಡೆ. ಎದ್ದೆ, ಕೂತೆ, ಬರೆದೆ, ಹರಿದೆ. ನಾಳೆ ಇವರಿಗೆ ಕಿವಿ ಕೇಳದೆಂದು ಗೊತ್ತಾದರೆ? ಬರೆದುಕೊಟ್ಟ ಮೇಷ್ಟ್ರು ಯಾರು ಎಂದು ಹುಡುಕಿ ಬಂದರೆ? ಕಡೆಗೆ ಹೀಗೆ ಬರೆದೆ: "ನಾನು ಕಂಡ ಮಟ್ಟಿಗೆ, ನಮ್ಮ ಶಾಲೆಯ ಒಂದು ಉಪಕರಣದ ಮಟ್ಟಿಗೆ, ಸದ್ಯಕ್ಕೆ, ಇವರ ಕೆಲಸ ತೃಪ್ತಿಕರವೆಂದು ಹೇಳಬಹುದಾಗಿದೆ." ಒಂದು ಸುಳ್ಳಿಲ್ಲ, ಕೊಟ್ಟ ಮಾತೂ ಮುರಿದಿಲ್ಲ ಎಂದು ಒಳಗೇ ಬೀಗಿದೆ. ಅವರು ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋದರು.

ವಾರ ಕಳೆದು ಅಂಗಡಿಯ ಮುಂದೆ ಸಿಕ್ಕರು. "ಆಗ್ನಿಲ್ಲ ಮೇಷ್ಟ್ರೇ. ಬರ್ದೋರ್ಗೇ ನಂಬ್ಕೆ ಇಲ್ವಲ್ರೀ ಅಂದ್ರು ಕಚೇರೀಲಿ. ಓದಾಕ್ ಬರ್ದಿರೋ ಮುಂಡೇವು! ತೃಪ್ತಿಕರ ಅಂತ ಅಷ್ಟು ಚೆಂದಾಗ್ ಬರ್ದಿದ್ರಲ್ಲ ನೀವು."

ನನ್ನ ಜೇಬಿನಲ್ಲಿ ಪೆನ್ನಿತ್ತು. ತನ್ನಿ, ಇನ್ನೊಂದು ಬರೆದುಕೊಡುತ್ತೇನೆ ಎನ್ನಲಿಲ್ಲ. "ಛೆ ಛೆ" ಎಂದೆ. ಆ ವರ್ಷವೇ ಅಂಗಡಿ ಮುಚ್ಚಿತು. ತಗಡನ್ನು ಮಾದಣ್ಣ ಇಳಿಸಿಕೊಂಡ.

ಕೊನೆಯ ಸಲ ಅವರನ್ನು ಕಂಡದ್ದು ಕೆಲವು ವರ್ಷಗಳ ಮೇಲೆ, ಬಿಳಿಕೆರೆಯಲ್ಲಿ. ನನಗೆ ಹುಣಸೂರಿಗೆ ವರ್ಗವಾಗಿತ್ತು, ಬಸ್ಸಿಗೆ ಕಾಯುತ್ತಿದ್ದೆ. ಮೈಲಿಗಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಳೆಯ ಹೊಲಿಗೆ ಯಂತ್ರವೊಂದನ್ನು ಗೋಣಿಯಲ್ಲಿ ಕಟ್ಟುತ್ತಿದ್ದವರು ಥಟ್ಟನೆ ಎದ್ದು, "ಮೇಷ್ಟ್ರೇ!" ಎಂದು ಕೈಹಿಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಈಗೇನಿದ್ರೂ ಒಲ್ಗೆ ಮಿಷಿನ್ನು. ಒಲ್ಗೆ ಆದ್ರೆ ಕಣ್ಗೇ ಕಾಣ್ತದಲ್ಲ. ದೊಡ್ಡೋನು ನಂಜೊತೆ ಚೀಲ ಒರ್ತಾನೆ, ಇಸ್ಕೂಲ್ ಬುಟ್ಟ."

ಹೇಳಿ ಮತ್ತೆ ಗೋಣಿಯ ಕಡೆ ಬಗ್ಗಿದರು. ಆ ಬಗ್ಗಿದ ಬೆನ್ನಿಗೆ ನಾನು ಎಲ್ಲವನ್ನೂ ಹೇಳಿದೆ. "ನಾನು ಹೆದರಿಕೊಂಡು ಆ ಕಾಗದ ಬರೆದೆ ಆಚಾರ್ರೇ. ಕೆಲಸ ತಪ್ಪಿದ್ದು ನನ್ನಿಂದ. ಈ ನಾಲ್ಕು ತಾಲ್ಲೂಕಲ್ಲಿ ನಿಮ್ಮಂಥ ಕೈ ಇನ್ನೊಂದಿಲ್ಲ ಅಂತ ಬರೀಬೇಕಿತ್ತು." ಒಂದೇ ಉಸಿರಿಗೆ ಬಂತು.

ಅವರು ಗಂಟು ಬಿಗಿದು, ಕೈ ಕೊಡವಿ ತಲೆಯೆತ್ತಿದರು. "ಏನಾರ ಅಂದ್ರಾ ಮೇಷ್ಟ್ರೇ?" ಎಂದು ನನ್ನ ತುಟಿಯನ್ನೇ ನೋಡಿದರು.

"ಬಸ್ಸು ಬಂತು ಅಂದೆ."

ಅವರು ರಸ್ತೆಯ ಕಡೆ ತಿರುಗಿದರು. ನಿಜಕ್ಕೂ ಬರುತ್ತಿತ್ತು.