ಆಡು ಎಂಬ ಫೋಲ್ಡರ್

ಸರ್ವರ್ ಎಂದರೆ ನನಗೆ ಇಂದಿಗೂ ಮೊದಲು ಕಣ್ಮುಂದೆ ಬರುವುದು ಒಂದೇ ಕೈಯಲ್ಲಿ ನಾಲ್ಕು ದೋಸೆ ತಟ್ಟೆ ಹಿಡಿದು ಬರುವ ಹೋಟೆಲಿನವನು. ನನ್ನ ಗಂಡ ಆ ಹೆಸರಿನ ಕಪ್ಪು ಡಬ್ಬಿಯೊಂದನ್ನು ತಂದು ಹಾಸನದ ನಮ್ಮ ಮನೆಯ ಪುಸ್ತಕದ ಬೀರುವಿನ ಮೇಲಿಟ್ಟ ದಿನ, "ಇದಕ್ಕೆ ಟಿಪ್ಸ್ ಎಷ್ಟು ಕೊಡಬೇಕು?" ಎಂದು ಕೇಳಿದ್ದೆ. "ಟಿಪ್ಸ್ ಬೇಡ, ಕರೆಂಟು ತಪ್ಪಿಸಬೇಡ ಸಾಕು" ಎಂದಿದ್ದರು.

ಅವರು ದನದ ಡಾಕ್ಟರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಸರ್ವೀಸ್ ಪೂರ್ತಿ ಈ ಜಿಲ್ಲೆಯೊಳಗೇ ಸುತ್ತಿದರು. ಹಸು ಕರು ಹಾಕುವುದನ್ನು ಕಾಯುತ್ತ ಕೊಟ್ಟಿಗೆಯ ಬಾಗಿಲಲ್ಲಿ ಕೂತಾಗ ಮನೆಯ ಹೆಂಗಸರ ಕೈಲಿ ಸೋಬಾನೆ, ಹಸೆ ಹಾಡು, ರಾಗಿ ಬೀಸುವ ಪದ ಹಾಡಿಸಿ ಪುಟ್ಟ ರೆಕಾರ್ಡರಿನಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಪ್ರತಿಯೊಂದರ ಶುರುವಿನಲ್ಲೂ ಅವರದೇ ದನಿ. "ಹಿರೀಸಾವೆ. ಹೆಣ್ಣು ಕರು, ತಾಯಿ ಕ್ಷೇಮ. ಹೂಂ, ಈಗ ಹಾಡಿ ಅಜ್ಜಿ." ರಿಟೈರ್ ಆದ ಮೇಲೆ ಎಲ್ಲವನ್ನೂ ಆ ಡಬ್ಬಿಗೆ ತುಂಬಿದರು. ಒಳಗೆ ಎರಡು ಡಿಸ್ಕು, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ. "ಒಂದು ಹೋದರೆ ಇನ್ನೊಂದು ಇರುತ್ತೆ, ಯೋಚನೆ ಇಲ್ಲ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಎರಡು ವರ್ಷ ನಾನು ಅದರಲ್ಲಿ ಒಂದನ್ನೂ ಕೇಳಲಿಲ್ಲ. ಕೇಳಲು ಶುರು ಮಾಡಿದರೆ ಮುಗಿದುಹೋಗುತ್ತದೆ ಎಂಬ ಸಿಲ್ಲಿ ಭಯ. ಇರಲಿ, ಇದೆಯಲ್ಲ, ಎಂದುಕೊಂಡು ಬೀರುವಿನ ಮೇಲಿನ ಹಸಿರು ದೀಪವನ್ನು ನೋಡಿ ಊಟಕ್ಕೆ ಕೂರುತ್ತಿದ್ದೆ. ಮನೆಯಲ್ಲಿ ಎಚ್ಚರವಾಗಿರುವ ಇನ್ನೊಂದು ಜೀವ ಅದೊಂದೇ ಎನ್ನುವಂತೆ.

ಈ ಬೇಸಿಗೆಯಲ್ಲಿ ದೀಪ ಕೆಂಪಾಯಿತು. ಜಾಗ ತುಂಬಿದೆ ಎಂದು ಲ್ಯಾಪ್‌ಟಾಪಿನಲ್ಲಿ ಮೆಸೇಜ್. ನನ್ನ ಮೊಬೈಲಿಗೆ ಬರುವ ಫೋಟೋಗಳು ತಾವಾಗಿಯೇ ಡಬ್ಬಿಗೆ ಹೋಗುವ ಹಾಗೆ ಅವರು ಮಾಡಿಟ್ಟಿದ್ದರಂತೆ. ಎರಡು ವರ್ಷದ ಗುಡ್ ಮಾರ್ನಿಂಗ್ ಗುಲಾಬಿಗಳೆಲ್ಲ ಅಲ್ಲಿ ಹೋಗಿ ಕೂತಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಶನಿವಾರ ನಮ್ಮ ಡೆಸ್ಕು ತೆಗೆಸಿ ನೋಡುತ್ತಿದ್ದರು. ಬೇಡದ ಒಂದು ಚೂರು ಕಾಗದ ಇದ್ದರೂ ಮಾರ್ಕು ಕಟ್. ಆ ಟೈಡಿ ಹುಡುಗಿ ಎಪ್ಪತ್ತೈದಾದರೂ ನನ್ನೊಳಗಿಂದ ಹೋಗಿಲ್ಲ. ಗುಲಾಬಿಗಳನ್ನು ಅಳಿಸಿದೆ. ಸಾಲಲಿಲ್ಲ. ಎಮ್ಮೆ ಎಂಬ ಫೋಲ್ಡರ್ ತೆರೆದೆ: ಬಾತ ಕೆಚ್ಚಲುಗಳ ಫೋಟೋ. ಕುರಿ ಎಂಬುದನ್ನು ತೆರೆದೆ: ಹುಣ್ಣಾದ ಬಾಯಿಗಳು. ಅವುಗಳ ಜೊತೆಗೇ ಆಡು ಎಂದೊಂದಿತ್ತು, ಎಲ್ಲಕ್ಕಿಂತ ದೊಡ್ಡದು. ಇಷ್ಟೊಂದು ಆಡಿನ ಫೋಟೋ ಇಟ್ಟುಕೊಂಡು ಏನು ಮಾಡಲಿ ಎಂದು ಅದನ್ನು ತೆರೆದೂ ನೋಡದೆ ಮೂರನ್ನೂ ಒಟ್ಟಿಗೆ ಡಿಲೀಟ್ ಮಾಡಿದೆ. 'ಸಾಂಗ್ಸ್' ಎಂಬ ಫೋಲ್ಡರನ್ನು ಮಾತ್ರ ಮುಟ್ಟಲಿಲ್ಲ, ಜೋಪಾನವಾಗಿ. ದೀಪ ಹಸಿರಾಯಿತು.

ಎಂಟು ದಿನ ಬಿಟ್ಟು ಹತ್ತಿರದ ಹಳ್ಳಿ ಕಟ್ಟಾಯದಿಂದ ಒಬ್ಬಾಕೆಯ ಫೋನ್ ಬಂತು. ಆಕೆ ಹಿಂದೆ ಹಾಸನದ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು, ರೆಕಾರ್ಡಿಂಗುಗಳಿಗೆಲ್ಲ ಹೆಸರು ಟೈಪ್ ಮಾಡಿಕೊಟ್ಟವಳು. ಈಗ ಇಲ್ಲದ ಅವಳ ತಾಯಿಯೂ ನಮ್ಮವರಿಗೆ ಹಾಡಿದ್ದರು.

"ಅಮ್ಮಾ, ನಮ್ಮಣ್ಣನ ಮಗಳಿಗೆ ಮದುವೆ. ನಮ್ಮವ್ವ ಆಡಿದ್ದ ಅಸೆ ಆಡು ಒಸಿ ಕಳಿಸ್ತೀರಾ? ಅಸೆ ಮೇಲೆ ಕೂರ್ಸುವಾಗ ಆಕ್ಬೇಕು."

'ಸಾಂಗ್ಸ್' ತೆರೆದೆ. ಅದರ ತುಂಬ ಹಳೆಯ ಸಿನಿಮಾ ಹಾಡುಗಳು. ಅವಳಿಗೆ ಹಾಗೇ ಹೇಳಿದೆ.

"ಅಲ್ಲಲ್ಲ ಕಣಮ್ಮ, ಅದ್ರಾಗೆ ಎಲ್ಲದೆ? ಆಡು ಅಂತ್ಲೇ ಬ್ಯಾರೆ ಪೋಲ್ಡರ್ ಐತಲ್ಲ. ನಾನು ನಮ್ಮ ಬಾಯಲ್ಲಿ ಬಂದಂಗೆ ಟೈಪ್ ಮಾಡ್ಬುಟ್ಟಿದ್ದೆ. ಹಕಾರ ಆಕ್ತೀನಿ ತಡೀರಿ ಸಾ ಅಂದ್ರೆ, ಡಾಕ್ಟ್ರು ನಗಾಡ್ಕೊಂಡು, ನಿಮ್ಮವ್ವ ಆಡ್ದಂಗೇ ಇರ್ಲಿ ಬುಡು ಅಂದ್ರು."

ಆ ತಮಾಷೆ ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಕಾಮಾ ತಪ್ಪಿದರೂ ಗುರುತಿಸುವ ನನಗೆ, ಐವತ್ತು ವರ್ಷದಿಂದ ಈ ಊರಿನ ಗಾಳಿ ಕುಡಿಯುತ್ತಿದ್ದರೂ, ಒಂದು ಹಕಾರ ಬಿಟ್ಟದ್ದು ಹೊಳೆಯಲಿಲ್ಲ.

ಡಬ್ಬಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಆಟೋದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ನಡುವಯಸ್ಸಿನವರು, ಕನ್ನಡಕವನ್ನು ಹಣೆಗೇರಿಸಿಕೊಂಡು ಎಲ್ಲ ಕೇಳಿದರು.

"ಎರಡು ಡಿಸ್ಕ್ ಇದೆಯಲ್ಲ" ಎಂದೆ. "ಇನ್ನೊಂದರಲ್ಲಿ ಇರಬೇಕು."

"ಅದು ಕನ್ನಡಿ ಇದ್ದಂಗೆ ಮೇಡಂ. ಡಿಸ್ಕ್ ಕೆಟ್ರೆ ಕಾಪಾಡ್ತದೆ. ನೀವೇ ಅಳಿಸಿದ್ರೆ ಅದೂ ನಿಮ್ ಜೊತೇಲೇ ಅಳಿಸ್ತದೆ. ಅದನ್ನ ಬ್ಯಾಕಪ್ ಅನ್ನಂಗಿಲ್ಲ. ಎಲ್ರೂ ಇದೇ ತಪ್ಪು ಮಾಡೋದು."

ಎಲ್ಲರೂ ಎಂದದ್ದು ಸಮಾಧಾನಕ್ಕೆ. ಎಷ್ಟು ಸಿಗುತ್ತದೋ ತೆಗೆದುಕೊಡುತ್ತೇನೆ ಎಂದು ಡಬ್ಬಿಯನ್ನು ಇಟ್ಟುಕೊಂಡರು. ಆ ಎರಡು ವಾರ ಬೀರುವಿನ ಮೇಲೆ ಡಬ್ಬಿಯಿದ್ದ ಜಾಗದಲ್ಲಿ ಧೂಳಿನ ನಡುವೆ ಒಂದು ಶುಭ್ರ ಚೌಕ ಉಳಿದಿತ್ತು. ಅದನ್ನು ಒರೆಸಲು ನನಗೆ ಕೈ ಬರಲಿಲ್ಲ.

ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಹೆಸರುಗಳೆಲ್ಲ ಹೋಗಿ ಬರೀ ನಂಬರುಗಳು ಉಳಿದಿದ್ದವು. ಯಾವುದು ಯಾರದೆಂದು ತಿಳಿಯಲು ಒಂದೊಂದನ್ನೇ ಕೇಳಲೇಬೇಕು. ಎರಡು ವರ್ಷ ಮುಂದೂಡಿದ್ದನ್ನು ಈಗ ಕೆಲಸವೆಂದು ಮಾಡಬೇಕಾಯಿತು. ಕಟ್ಟಾಯದಿಂದ ಆಕೆ ಬಂದಳು. ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಮೊದಲನೆಯದು ತೆರೆಯುತ್ತಲೇ ಅವರ ದನಿ, "ಹೊಳೆನರಸೀಪುರದ ಹತ್ತಿರ. ಎಮ್ಮೆ ಒದ್ದಿದೆ, ನನಗೆ. ಹಾಡಿ ಅಮ್ಮ, ನೋವು ಮರೀಲಿ." ಟೇಬಲ್ಲಿನ ಆ ಕಡೆಯ ಕುರ್ಚಿಯಿಂದಲೇ ಬಂದ ಹಾಗಿತ್ತು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಆಕೆ ನಿಲ್ಲಿಸಲಿಲ್ಲ, ಹಾಡು ಪೂರ್ತಿ ಓಡಲಿಕ್ಕೆ ಬಿಟ್ಟಳು.

ನಾಲ್ಕನೇ ದಿನ ಅವಳ ತಾಯಿಯ ಹಾಡು ಸಿಕ್ಕಿತು. ಎರಡು ಸೊಲ್ಲು ಮುಗಿದು ಮೂರನೆಯದರ ನಡುವೆ ಕತ್ತರಿಸಿದಂತೆ ನಿಂತುಹೋಯಿತು. ನನಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. "ಐ ಆಮ್ ಸಾರಿ" ಎಂದೆ. ಅಂಥ ಮಾತು ನನಗೆ ಇಂಗ್ಲಿಷಿನಲ್ಲಿ ಮಾತ್ರ ಬಾಯಿಗೆ ಬರುತ್ತದೆ.

"ಅಯ್ಯೋ ಬುಡಿಯಮ್ಮ. ಮಿಕ್ಕಿದ್ದು ನಂಗೆ ಬತ್ತದೆ" ಎಂದವಳೇ, ತಾಯಿ ಬಿಟ್ಟಲ್ಲಿಂದ ಎತ್ತಿಕೊಂಡು ಹಾಡಿ ಮುಗಿಸಿದಳು.

ಕೇಳುತ್ತ ಕೂತಿದ್ದ ನನಗೆ, ನನ್ನ ಪಾಲಿನದು ಹಾಗೆ ಎತ್ತಿಕೊಳ್ಳುವಂಥದ್ದಲ್ಲ ಎಂದು ತಿಳಿಯಿತು. ಅವರು "ಹೂಂ" ಎನ್ನುವುದನ್ನು ಅವರೇ ಅನ್ನಬೇಕು.

ಡಬ್ಬಿಯ ಜೊತೆಗೆ ಇನ್ನೆರಡು ಕಾಪಿ ಮಾಡಿಸಬೇಕೆಂದು ಅಂಗಡಿಯವರು ಹೇಳಿದ್ದರು. "ಒಂದು ಡಿಸ್ಕ್‌ನಲ್ಲಿ ಕಾಪಿ ಮಾಡಿ ವೈರು ಬಿಚ್ಚಿ ಬೀರುವಲ್ಲಿಡಿ. ಇನ್ನೊಂದು ನಿಮ್ ಮನೇಲಿ ಬೇಡ. ಬೆಂಕಿ, ಸಿಡಿಲು, ಕಳ್ಳರು, ಏನಾದ್ರೂ ಆಗ್ಬೋದು. ಬೇರೆ ಯಾರಾದ್ರೂ ನಂಬಿಕಸ್ಥರ ಮನೇಲಿಡಿ. ಕ್ಲೌಡ್‌ಗೂ ಹಾಕ್ಬೋದು." ಕ್ಲೌಡಿನ ಪಾಸ್‌ವರ್ಡು ನನ್ನ ತಲೆಯಲ್ಲಿ ಒಂದು ವಾರ ನಿಲ್ಲದು. ಹಾಗಾಗಿ ನಂಬಿಕಸ್ಥರ ಮನೆ. ಅಷ್ಟು ಸುಲಭದ ಮಾತಿಗೆ ಉತ್ತರ ಹುಡುಕುತ್ತ ಇಡೀ ಮಧ್ಯಾಹ್ನ ಕೂತಿದ್ದೆ. ಮಹಡಿಯ ಬಾಡಿಗೆಯವರು ಜೂನ್‌ನಲ್ಲಿ ಖಾಲಿ ಮಾಡುತ್ತಾರೆ. ಅರಕಲಗೂಡಿನಲ್ಲಿರುವ ನನ್ನ ಕಾನ್ವೆಂಟ್ ಗೆಳತಿ ಈಗ ಫೋನಿನಲ್ಲಿ ನನ್ನನ್ನೇ ಯಾರು ಎಂದು ಕೇಳುತ್ತಾಳೆ. ನಮಗೆ ಮಕ್ಕಳಿಲ್ಲ. ಬ್ಯಾಂಕ್ ಲಾಕರ್ ಎಂದರೆ ನನ್ನ ನಂತರ ಅದನ್ನು ಯಾರು ತೆರೆಯಬೇಕು? ಅಡ್ರೆಸ್ ಬುಕ್ ತಿರುವಿದೆ. ಅದರಲ್ಲಿ ನಾನೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ ಹೆಸರುಗಳೇ ಹೆಚ್ಚು.

ಕೊನೆಗೆ ಕಟ್ಟಾಯದ ಆಕೆಯನ್ನೇ ಕೇಳಿದೆ. ಬೇಡ ಎಂದರೆ ಎಂಬ ಸಂಕೋಚದಲ್ಲಿ ಸುತ್ತಿ ಬಳಸಿ ಕೇಳಿದೆ.

"ಅದ್ಕೇನಂತೆ, ಅಕ್ಕಿ ಡ್ರಮ್ಮಿನ ಮೇಲಿನ ಗೂಡಲ್ಲಿ ಮಡಗ್ತೀನಿ. ಇಲಿ ಕಾಟ ಇಲ್ಲ" ಎಂದಳು. "ಆದ್ರೆ ತಿಂಗ್ಳಿಗೊಂದ್ಸಲ ನೀವೇ ಬಂದು ಅದೇನು ನೋಡ್ಕೊಬೇಕೋ ನೋಡ್ಕೊಂಡು ಓಗಿ. ನಂಗೆ ಗೊತ್ತಾಗಕಿಲ್ಲ." ಅಷ್ಟೂ ಫೈಲಿಗೆ ಹೆಸರು ಟೈಪ್ ಮಾಡಿದವಳಿಗೆ ಗೊತ್ತಾಗದೇ? ಬರುತ್ತೇನೆ ಎಂದೆ.

ಕಾಪಿ ಮಾಡಿಸಲು ಮತ್ತೆ ಅಂಗಡಿಗೆ ಹೋದಾಗ ಅವರು ಪರದೆಯ ಮೇಲೆ ಒಂದು ಉದ್ದ ಪಟ್ಟಿ ತೋರಿಸಿದರು. "ಇವು ಓಪನ್ ಆಗಲ್ಲ ಮೇಡಂ. ಒಳಗೆ ಪುಡಿಯಾಗಿವೆ. ಬಿಟ್ಬಿಡ್ಲಾ? ಜಾಗ ಉಳೀತದೆ."

"ಬೇಡ, ಹಾಕಿ."

"ಯಾವತ್ತೂ ಓಪನ್ ಆಗಲ್ಲ, ಮೇಡಂ."

"ಗೊತ್ತು. ಎರಡು ಡಿಸ್ಕಿಗೂ ಹಾಕಿ."

ಅವರು ಕನ್ನಡಕ ಇಳಿಸಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಪಟ್ಟಿಯನ್ನು ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಒತ್ತಿ, ನನಗೊಂದು ಸ್ಟೂಲು ಎಳೆದುಕೊಟ್ಟರು.