ಮೂವತ್ತರ ಮುಳ್ಳು

ಎರಡು ತಿಂಗಳಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸಿರುಗುಪ್ಪದಿಂದ ಬಂದ ಅವ್ವನನ್ನು ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು, ಬ್ರೂಸ್‌ಪೇಟೆಯಲ್ಲಿ ಸಾಮಾನು ಕೊಂಡು, ಮನೆಗೆ ಆಟೊ ಹತ್ತಿದ್ದೆ. ಗಾಳಿ ಬೇಕೆಂದು ಅವ್ವ ಎಡಗಡೆ, ಅಡ್ಡಕಂಬಿ ಇಲ್ಲದ ಕಡೆಗೇ ಕೂತಳು. ಸರ್ಕಲ್ ಬಂತು. ಆಟೊ ಓಡಿಸುತ್ತಿದ್ದ ಆ ಪುಣ್ಯಾತ್ಮ ಒಂದಿಷ್ಟೂ ನಿಧಾನ ಮಾಡದೆ ಬಲಕ್ಕೆ ಸುತ್ತು ಹಾಕಿದ. ಅವ್ವ ಚೀಲದ ಸಮೇತ ಎಡಕ್ಕೆ ಜಾರಿ ರಸ್ತೆಗೆ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಎಪ್ಪತ್ತು ದಾಟಿದರೂ ತನ್ನ ರೊಟ್ಟಿ ತಾನೇ ಬಡಿಯುತ್ತಿದ್ದ ಕೈ ಅದು.

ಆಸ್ಪತ್ರೆಯ ಬಾಗಿಲಲ್ಲಿ ಅವನ ಅಂಗಿ ಹಿಡಿದೆ. "ಸರ್ಕಲ್ಲಿನಾಗ ಹಿಂಗ ಹೊಡೀತಾರೇನಲೇ?"

"ಸ್ಪೀಡ್ ಹೆಚ್ಚು ಮಾಡಿಲ್ರಿ ಟೀಚರ್. ಮುಳ್ಳು ಮೂವತ್ತರಾಗ ಇತ್ತು, ಅಲುಗಾಡಿಲ್ಲ."

ಟೀಚರ್ ಎಂದದ್ದು ಸಿಟ್ಟಿನಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

"ಮುಳ್ಳು ಅಲುಗಾಡದಿದ್ರ ಏನಾತು? ದಿಕ್ಕು ತಿರುಗತಿತ್ತಲ್ಲ! ದಿಕ್ಕು ಬದಲಾದ್ರೂ ವೇಗೋತ್ಕರ್ಷನ, ಆ್ಯಕ್ಸಿಲರೇಷನ್. ಗಾಡಿ ಒಳಗ ತಿರುಗತೈತಿ, ಕೂತವ್ರು ಹೊರಗ ಬೀಳ್ತಾರ. ಹೈಸ್ಕೂಲಿನಾಗ ಓದಿಲ್ಲೇನು?"

"ಓದೀನ್ರಿ. ಕುರುಗೋಡಿನಾಗ, ನಿಮ್ಮ ಕೈಯಾಗ." ಕೈ ಕಟ್ಟಿ ನಿಂತು, ಸ್ಪೀಡಿಗೆ ಪುಸ್ತಕದ ಮಾತು 'ಜವ' ಹಾಕಿ ಪಾಠ ಒಪ್ಪಿಸಿದ: "ಜವ ಬದಲಾಗದಿದ್ದರೆ ವೇಗೋತ್ಕರ್ಷ ಸೊನ್ನೆ."

ಅಂಗಿ ಬಿಟ್ಟೆ. ಅದು ನನ್ನದೇ ರಾಗ. ಒಂದಂಕದ ಉತ್ತರಗಳನ್ನು ಬೆಳಗಿನ ಸ್ಪೆಷಲ್ ಕ್ಲಾಸಿನಲ್ಲಿ ಮಕ್ಕಳಿಂದ ಒಟ್ಟಿಗೆ ಕೂಗಿಸುತ್ತಿದ್ದೆ. ಈ ಉತ್ತರದ ಮೊದಲಿಗೆ 'ನೇರ ದಾರಿಯಲ್ಲಿ' ಎಂದಿತ್ತು. ಸೇರಿಸಿದರೆ ಕೂಗಿನ ತಾಳ ತಪ್ಪುತ್ತದೆಂದು ನಾನೇ ತೆಗೆದುಹಾಕಿದ್ದೆ. ಮಕ್ಕಳು ಪಾಸಾದರೆ ಸಾಕಿತ್ತು ನನಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವ್ವ.

"ಅದು ನೇರ ದಾರ್ಯಾಗ ಮಾತ್ರ," ಎಂದೆ.

"ಅದನ್ನ ನೀವು ಹೇಳಿಕೊಟ್ಟಿಲ್ರಿ."

ಹಾಗೆಂದು ಅವನನ್ನು ಕ್ಷಮಿಸಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿಯಲು ಟೀಚರ್ ಹೇಳಬೇಕೇ? ಹೊಟ್ಟೆಗೆ ಏನು ತಿನ್ನುತ್ತಾನೆ ಅವನು? ಆದರೆ ಅವನನ್ನು ಬೈಯಲು ಬಾಯಿ ತೆರೆದಾಗೆಲ್ಲ ಇಡೀ ತರಗತಿ ಕೂಗುವುದು ಕೇಳಿಸುತ್ತದೆ. ನನ್ನ ಮೇಲೆ ನನಗೇ ಮೈಯುರಿಯುತ್ತದೆ.

ಪಟ್ಟಿ ಬಿಚ್ಚಿದರೂ ಅವ್ವನ ಕೈಗೆ ಹಿಟ್ಟು ನಾದುವ ಬಲ ಬಂದಿಲ್ಲ. ಅವನು ನನ್ನ ಶಿಷ್ಯನೆಂದು ಅವಳಿಗೆ ನಾನು ಹೇಳಿಲ್ಲ. ದಿನಾ ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಬಂದು ಕೂರುತ್ತಾಳೆ. ಅಂಚು ಸೀಳಿದ ರೊಟ್ಟಿಯನ್ನು ಎಡಗೈಯಲ್ಲಿ ಮುರಿದುಕೊಳ್ಳುತ್ತ ಶಾಪ ಹಾಕುತ್ತಾಳೆ.

"ಅವಗ ಹಂಗ ತಿರುಗಸಾಕ ಕಲಿಸಿದವ್ರ ಕೈ ಸೇದ್ಹೋಗ್ಲಿ."

ಹಿಟ್ಟು ಮೆತ್ತಿದ ನನ್ನ ಕೈ ನಿಲ್ಲುತ್ತದೆ. ಆಮೇಲೆ ಮತ್ತೆ ಬಡಿಯುತ್ತೇನೆ.